ರೆಸಿನ್ ದೀಪ: ನೋಡೋಕೆ ಚೆಂದ, ಬತ್ತಿಗೆ ಬೇರೆ ಬಟ್ಟಲೇ ಬೇಕು!

"ಇದನ್ನ ಹಚ್ಚಬಹುದೇನ್ರೀ, ಇಲ್ಲಾ ಬರೀ ಶೋಕೇಸಿಗೋ?"

ದೀಪಾವಳಿ ಹತ್ತಿರ ಬಂದರೆ ಮಂಡಿಪೇಟೆ, ಚೌಕಿಪೇಟೆ ಕಡೆ ಹೋದ ಗಿರಾಕಿ ಕೇಳಬೇಕಾದ ಮೊದಲ ಪ್ರಶ್ನೆ ಇದು. "ಧಾರಾಳವಾಗಿ ಹಚ್ಚಿ ಅಕ್ಕಾರೆ, ಏನೂ ಆಗಲ್ಲ" ಎಂಬ ಉತ್ತರ ಬಂದರೆ ಅದು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯದೆ ಹಚ್ಚಿದರೆ ಹಬ್ಬದ ದಿನ ಮೇಜು, ಪರದೆ ಸುಟ್ಟುಕೊಳ್ಳುವ ಸರದಿ.

ಗಾಜಿನಂತೆ ಹೊಳೆಯುವ, ಒಳಗೆ ಒಣಗಿದ ಹೂವಿನ ಎಸಳು, ಚಿನ್ನದ ಬಣ್ಣದ ಚೂರು ಹುದುಗಿಸಿದ ಈ ಕ್ಯಾಂಡಲ್ ಸ್ಟ್ಯಾಂಡುಗಳನ್ನು ಮನೆಯಲ್ಲೇ ಅಚ್ಚಿಗೆ ಹೊಯ್ದು ಮಾರುವ ಹೆಣ್ಣುಮಕ್ಕಳೂ ಇದ್ದಾರೆ. ಕೈಗೆ ನಾಲ್ಕು ಕಾಸು ತರುವ ಒಳ್ಳೆಯ ಕಸುಬು. ಅವರ ಹೊಟ್ಟೆ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಮಾರುವವರೂ ಕೊಳ್ಳುವವರೂ ವಸ್ತುವಿನ ಗುಣ ತಿಳಿದಿರಲಿ ಎಂಬುದಷ್ಟೇ ಮಾತು.

ಏನಿದು ರೆಸಿನ್?

ರೆಸಿನ್ ಎಂದರೆ ರಾಳ. ಮರದ ರಾಳ, ಹಾಲುಮಡ್ಡಿ, ಗುಗ್ಗುಳವನ್ನು ಕೆಂಡಕ್ಕೆ ಹಾಕಿ ಧೂಪ ಎಬ್ಬಿಸುವುದು ಅಜ್ಜಿ ಕಾಲದ ರೂಢಿ. ರಾಳ ಬೆಂಕಿಗೆ ಬಿದ್ದರೆ ಉರಿಯುತ್ತದೆ ಎಂದು ಯಾರೂ ಕಲಿಸಬೇಕಿಲ್ಲ. ಪೇಟೆಯ ರೆಸಿನ್ ಮರದ್ದಲ್ಲ, ಹೆಚ್ಚಾಗಿ ಪೆಟ್ರೋಲಿಯಂ ಮೂಲದ ರಾಸಾಯನಿಕ. ಎಪಾಕ್ಸಿ ಎಂಬ ಜಾತಿಯದೇ ಈ ಕೈಕೆಲಸದಲ್ಲಿ ಹೆಚ್ಚು. ಒಂದು ಬಾಟಲಿ ರೆಸಿನ್, ಇನ್ನೊಂದು ಬಾಟಲಿ ಹಾರ್ಡನರ್; ಎರಡನ್ನೂ ಹೇಳಿದ ಅಳತೆಯಲ್ಲಿ ಕಲಸಿ ಹೊಯ್ದರೆ ಗಟ್ಟಿಯಾಗುತ್ತದೆ.

ಒಮ್ಮೆ ಗಟ್ಟಿಯಾದ ಮೇಲೆ ಬೆಲ್ಲದ ಹಾಗೆ ಮತ್ತೆ ಕರಗಿ ನೀರಾಗುವುದಿಲ್ಲ. "ಏನೂ ಆಗಲ್ಲ" ಎನ್ನುವವರ ಅರ್ಧ ಸತ್ಯ ಇರುವುದು ಇಲ್ಲೇ. ಕರಗುವುದಿಲ್ಲ ಸರಿ. ಆದರೆ ಕಾವು ತಗುಲಿದರೆ ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ, ಹಳದಿ ತಿರುಗುತ್ತದೆ. ಜ್ವಾಲೆಯೇ ತಗುಲಿದರೆ ಕರಕಲಾಗಿ, ಕಪ್ಪು ಹೊಗೆ ಬಿಟ್ಟು ಹತ್ತಿ ಉರಿಯುತ್ತದೆ. ಆ ಹೊಗೆ ಎದೆಗೆ ಒಳ್ಳೆಯದಲ್ಲ.

ಡಿಗ್ರಿ ಲೆಕ್ಕ ನೋಡಿ

ಕೈಕೆಲಸಕ್ಕೆ ಬಳಸುವ ಸಾಮಾನ್ಯ ಎಪಾಕ್ಸಿ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಮೇಣದಬತ್ತಿಯ ಮೇಣ ಕರಗುವುದೂ ಹೆಚ್ಚುಕಡಿಮೆ ಅಷ್ಟಕ್ಕೇ. ಕರಗಿ ನಿಂತ ಮೇಣ ಅದಕ್ಕಿಂತ ಬಿಸಿ. ಇನ್ನು ಜ್ವಾಲೆಯ ಕಾವು 1000 ಡಿಗ್ರಿ ದಾಟುತ್ತದೆ! ಮಣ್ಣಿನ ಹಣತೆ ಕುಂಬಾರನ ಆವಿಗೆಯಲ್ಲಿ ನೂರಾರು ಡಿಗ್ರಿ ಬೆಂದೇ ಬಂದದ್ದು, ಅದಕ್ಕೆ ದೀಪದ ಕಾವು ಲೆಕ್ಕಕ್ಕಿಲ್ಲ. ಹಿತ್ತಾಳೆ ಕಾವನ್ನು ಮೈತುಂಬ ಹರಡಿಕೊಳ್ಳುತ್ತದೆ. ರೆಸಿನ್ ಹಾಗಲ್ಲ, ಕಾವು ತಗುಲಿದ ಜಾಗದಲ್ಲೇ ನಿಲ್ಲುತ್ತದೆ. ಅದಕ್ಕೇ ಮೊದಲು ಕೆಡುವುದು ನಡುವಿನ ಕುಳಿ.

ಟೀ ಲೈಟಿನ ತಗಡಿನ ಬಟ್ಟಲು ಇದ್ದರೆ ಸಾಲದೇ? ಸಾಲದು. ಮೇಣವೆಲ್ಲ ಕರಗಿದ ಮೇಲೆ ಆ ತೆಳು ತಗಡಿನ ತಳವೇ ಕಾಯುತ್ತದೆ, ಕಾವು ನೇರ ರೆಸಿನ್‌ಗೆ ಇಳಿಯುತ್ತದೆ. ತಗಡಿನ ಕೆಳಗೆ ದಪ್ಪ ಗಾಜಿನ ಬಟ್ಟಲೋ ಪಿಂಗಾಣಿ ಬಿಲ್ಲೆಯೋ ಇರಬೇಕು. ಮೇಣ ತಳ ಹತ್ತುವ ಮುಂಚೆ ಆರಿಸಬೇಕು. ಕುಳಿಗೆ ನೇರವಾಗಿ ಎಣ್ಣೆ ಹೊಯ್ದು ಬತ್ತಿ ಇಡುವುದು, ಮೇಣ ಸುರಿಯುವುದು ಬೇಡವೇ ಬೇಡ. ಹೆಚ್ಚು ಕಾವು ತಡೆಯುವ ರೆಸಿನ್ ಕೂಡ ಸಿಗುತ್ತದೆ, ಬೆಲೆ ಜಾಸ್ತಿ. ಅದು ಕಾವಿಗೆ ಬಗ್ಗದಿರಬಹುದು, ಬೆಂಕಿಗೆ ಉರಿಯುವುದಿಲ್ಲ ಅಂತಲ್ಲ.

ಹಚ್ಚುವವರಿಗೆ

ಬತ್ತಿಯನ್ನು ಕಾಲು ಇಂಚಿಗೆ ಕತ್ತರಿಸಿ ಹಚ್ಚಿ. ಉದ್ದ ಬತ್ತಿಗೆ ಜ್ವಾಲೆಯೂ ಉದ್ದ. ಪರದೆ, ಕಾಗದದ ತೋರಣ, ಸೀರೆ ಸೆರಗು ಒಂದಡಿ ದೂರವಿರಲಿ. ದೀಪಗಳ ನಡುವೆ ಮೂರಿಂಚಾದರೂ ಬಿಡಿ, ಗುಂಪಾಗಿಟ್ಟರೆ ಒಂದರ ಕಾವು ಇನ್ನೊಂದಕ್ಕೆ ಕೂಡುತ್ತದೆ. ಫ್ಯಾನಿನ ಗಾಳಿಗೆ ಇಡಬೇಡಿ. ದೀಪ ಉರಿಯುತ್ತಿರುವಾಗ ಮಲಗುವುದು, ಪಟಾಕಿ ನೋಡಲು ಬೀದಿಗೆ ಹೋಗುವುದು ಬೇಡ.

ಬ್ಯಾಟರಿ ದೀಪ ಇಟ್ಟರೆ ಕಾವಿನ ಗೋಜೇ ಇಲ್ಲ, ರೆಸಿನ್ ಸ್ಟ್ಯಾಂಡಿಗೆ ಅದೇ ತಕ್ಕ ಜೋಡಿ. ಆದರೆ ಅದರ ಗುಂಡಿಯಂಥ ಸೆಲ್ ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ. ಸ್ಕ್ರೂ ಹಾಕಿ ಮುಚ್ಚುವ ಮಾಲನ್ನೇ ಕೇಳಿ ತೆಗೆದುಕೊಳ್ಳಿ.

ಅಂಗಡಿಯವರಿಗೆ ಎರಡು ಮಾತು

ಬಿಸಿಲು ಬೀಳುವ ಕನ್ನಡಿ ಬೀರುವಿನಲ್ಲಿ ರೆಸಿನ್ ಮಾಲು ಜೋಡಿಸಬೇಡಿ, ಗಿರಾಕಿ ಬರುವ ಮುಂಚೆಯೇ ಸೊಟ್ಟಗಾದೀತು. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಕಾವು 50 ಡಿಗ್ರಿ ದಾಟುವುದುಂಟು. ಹರಿಹರ, ಹರಪನಹಳ್ಳಿ ಬಸ್ಸು ಹತ್ತುವವರೂ ಇದನ್ನು ಎಂಜಿನ್ ಪಕ್ಕ ಇಡದೆ ತೊಡೆ ಮೇಲಿಟ್ಟುಕೊಂಡರೆ ಲೇಸು.

ಮನೆಯಲ್ಲಿ ಮಾಡುವವರಿಂದ ಮಾಲು ತರುವಾಗ ಎಷ್ಟು ದಿನ ಆರಿದೆ ಎಂದು ವಿಚಾರಿಸಿ. ಒಂದು ದಿನಕ್ಕೆ ಗಟ್ಟಿ ಕಂಡರೂ ಪೂರ್ತಿ ಬಲಿಯಲು ಮೂರು ದಿನದಿಂದ ವಾರ ಬೇಕಾಗುತ್ತದೆ. ಅಳತೆ ತಪ್ಪಿ ಕಲಸಿದ್ದು ಉಗುರಿಗೇ ಅಂಟುತ್ತದೆ, ಕಾವಿಗೆ ಇನ್ನೂ ಬೇಗ ಸೋಲುತ್ತದೆ. ಒಳಗಿನ ಒಣಹೂವು ಜ್ವಾಲೆಯ ಸನಿಹ ಮೇಲೆ ಇಣುಕಿದ್ದರೆ ಅದೇ ಇನ್ನೊಂದು ಬತ್ತಿ! ಅಂಥದ್ದನ್ನು ವಾಪಸು ಕಳಿಸಿ. "ಬ್ಯಾಟರಿ ದೀಪಕ್ಕೆ ಮಾತ್ರ" ಅಥವಾ "ಗಾಜಿನ ಬಟ್ಟಲಿಟ್ಟು ಹಚ್ಚಿ" ಎಂದು ಒಂದು ಚೀಟಿ ಅಂಟಿಸಲು ಖರ್ಚೆಷ್ಟು? ಜೊತೆಗೆ ಒಂದು ಬಟ್ಟಲನ್ನೂ ಮಾರಿದರೆ ನಿಮಗೇ ವ್ಯಾಪಾರ.

ಹತ್ತಿಕೊಂಡರೆ?

ಉರಿಯುವ ಮೇಣಕ್ಕೆ ನೀರು ಎರಚಬಾರದು. ನೀರು ಸಿಡಿದು ಉರಿಯನ್ನು ಸುತ್ತ ಹರಡುತ್ತದೆ. ಸ್ಟೀಲಿನ ಪಾತ್ರೆ ಕವುಚಿ ಗಾಳಿ ತಡೆಯಿರಿ, ಇಲ್ಲವೇ ಮರಳು ಸುರಿಯಿರಿ. ಮೈಗೆ ತಗುಲಿದರೆ ಸುಟ್ಟ ಜಾಗವನ್ನು ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ಬೆಣ್ಣೆ ಬಳಿಯಬೇಡಿ. ಉರಿ ಕೈಮೀರಿತು ಅನ್ನಿಸಿದರೆ ಸಾಮಾನಿನ ಆಸೆ ಬಿಟ್ಟು ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ, 101 ಅಥವಾ 112ಕ್ಕೆ ಫೋನು ಮಾಡಿ.