ಕಡಲೆಕಾಯಿಯ ಸಾರಜನಕ ಎಲ್ಲಿಗೆ ಹೋಗುತ್ತದೆ?

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರುಗಟ್ಟಲೆ ಕೊಳ್ಳುವಾಗ "ಪ್ರೋಟೀನು, ಎಷ್ಟು ತಿಂದರೂ ಮೈಗೆ ಹತ್ತುತ್ತೆ" ಎನ್ನುವವರಿದ್ದಾರೆ. 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ನಿಜ. ಆದರೆ ಕೊಬ್ಬನ್ನು ಕೂಡಿಡುವ ಹಾಗೆ ಅಮೈನೋ ಆಮ್ಲಗಳನ್ನು ಕೂಡಿಡುವ ಉಗ್ರಾಣ ದೇಹದಲ್ಲಿಲ್ಲ. ಬೇಕಾದಷ್ಟನ್ನು ಬಳಸಿಕೊಂಡು, ಮಿಕ್ಕವುಗಳ ಸಾರಜನಕ ಹೊತ್ತ ಅಮೈನೋ ಗುಂಪನ್ನು ಕಳಚುತ್ತದೆ. ಉಳಿದ ಇಂಗಾಲದ ಹಂದರ ಶಕ್ತಿಗಾಗಿ ಉರಿಯುತ್ತದೆ, ಇಲ್ಲವೇ ಗ್ಲೂಕೋಸ್ ಅಥವಾ ಕೊಬ್ಬಾಗುತ್ತದೆ.

ಕಳಚಿದ ಗುಂಪು ಅಲ್ಲೇ ಅಮೋನಿಯಾ ಆಗುತ್ತದೆ ಎಂದು ವಿದ್ಯಾರ್ಥಿಗಳೂ ನಂಬುವುದುಂಟು. ಸೀರೀನ್‌ನಂಥ ಕೆಲವು ಅಮೈನೋ ಆಮ್ಲಗಳು ಹಾಗೆ ಮಾಡಬಲ್ಲವು. ಆದರೆ ಅಮೋನಿಯಾ ಮಿದುಳಿಗೆ ವಿಷ. ಹಾಗಾಗಿ ಹೆಚ್ಚಿನವು ತಮ್ಮ ಗುಂಪನ್ನು ಆಲ್ಫಾ-ಕೀಟೋಗ್ಲುಟರೇಟ್ ಎಂಬ ಅಣುವಿಗೆ ದಾಟಿಸುತ್ತವೆ. ಅದು ಗ್ಲುಟಮೇಟ್ ಆಗುತ್ತದೆ. 1937ರಲ್ಲಿ ಬ್ರಾನ್‌ಸ್ಟೈನ್ ಮತ್ತು ಕ್ರಿಟ್ಸ್‌ಮನ್ ತೋರಿಸಿದ ಈ ವರ್ಗಾವಣೆಗೆ ಬಿ6 ಜೀವಸತ್ವದ ಒಂದು ರೂಪ ಬೇಕೇಬೇಕು: ಗುಂಪನ್ನು ನಡುವೆ ಹಿಡಿದುಕೊಳ್ಳುವುದು ಅದೇ. ಬಿ6 ನೆಚ್ಚಿಕೊಂಡ ಕಿಣ್ವಗಳ ಬಗ್ಗೆ ಬೆಂಗಳೂರಿನ ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎನ್. ಅಪ್ಪಾಜಿ ರಾವ್ ದೀರ್ಘಕಾಲ ಸಂಶೋಧನೆ ನಡೆಸಿದರು. ನಮ್ಮೂರಿನ ಈ ಕೆಲಸ ಇನ್ನಷ್ಟು ಜನಕ್ಕೆ ಗೊತ್ತಾಗಬೇಕು.

ಗ್ಲುಟಮೇಟ್‌ನಿಂದ ಅಮೋನಿಯಾ ಬಿಡುಗಡೆಯಾಗುವುದು ಮುಖ್ಯವಾಗಿ ಯಕೃತ್ತಿನ ಮೈಟೊಕಾಂಡ್ರಿಯಾದಲ್ಲಿ. ಅಲ್ಲೇ ಅದನ್ನು ಯೂರಿಯಾ ಮಾಡುವ ವ್ಯವಸ್ಥೆಯೂ ಶುರುವಾಗುತ್ತದೆ. ಈ ಯೂರಿಯಾ ಚಕ್ರವನ್ನು 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸಲೈಟ್ ಗುರುತಿಸಿದರು. ಯೂರಿಯಾ ಕಿಡ್ನಿಯಲ್ಲಿ ತಯಾರಾಗುತ್ತದೆ ಎಂಬುದು ತಪ್ಪು. ಕಿಡ್ನಿ ಅದನ್ನು ಹೊರಹಾಕುತ್ತದೆ, ಅಷ್ಟೇ. ಅದಕ್ಕೇ ಕಿಡ್ನಿ ಸೋತರೆ ರಕ್ತದಲ್ಲಿ ಯೂರಿಯಾ ಏರುತ್ತದೆ. ಯಕೃತ್ತು ತೀರಾ ಸೋತರೆ ಅಮೋನಿಯಾ ಏರಿ ರೋಗಿಗೆ ಮಂಕು ಕವಿಯಬಹುದು.

ಇನ್ನು ಲ್ಯಾಬ್ ರಿಪೋರ್ಟಿನ ಎಸ್‌ಜಿಪಿಟಿ, ಎಸ್‌ಜಿಒಟಿ. ಇವನ್ನು ಲಿವರಿನಲ್ಲಿ ಸೇರಿದ ವಿಷವೆಂದು ಹೆದರಿ, "ಕ್ಲೀನ್" ಮಾಡುವ ಕಷಾಯ ಹುಡುಕುವವರನ್ನು ಕಂಡಾಗ ಸಂಕಟವಾಗುತ್ತದೆ. ಅಮೈನೋ ಗುಂಪನ್ನು ದಾಟಿಸುವ ಕಿಣ್ವಗಳೇ ಅವು, ಕೋಶದೊಳಗೆ ಇರಲೇಬೇಕಾದವು. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ಹುಡುಕಬೇಕಾದ್ದು ಪೆಟ್ಟಿನ ಕಾರಣವನ್ನು: ಮದ್ಯ, ಹೆಪಟೈಟಿಸ್, ಕೊಬ್ಬು ತುಂಬಿದ ಯಕೃತ್ತು, ಕೆಲವು ಔಷಧಿಗಳು. ಎಸ್‌ಜಿಒಟಿ ಹೃದಯದಲ್ಲೂ ಸ್ನಾಯುಗಳಲ್ಲೂ ಇರುವುದರಿಂದ ಕಠಿಣ ವ್ಯಾಯಾಮದ ನಂತರವೂ ಏರಬಹುದು. ರಕ್ತ ಕೊಡುವ ಹಿಂದಿನ ದಿನಗಳಲ್ಲಿ ಜಿಮ್‌ನಲ್ಲಿ ಭಾರ ಎತ್ತಿದ್ದರೆ ಅದನ್ನೂ, ಯಾವುದಾದರೂ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.