ಬಾಳ್ಗೞ್ಚು: ಅರ್ಥವೇನು, ಉಚ್ಚಾರ ಹೇಗೆ?

ಪ್ರಶ್ನೆ: ಹಲ್ಮಿಡಿ ಶಾಸನದಲ್ಲಿರುವ ‘ಬಾಳ್ಗೞ್ಚು’ ಪದದ ಅರ್ಥವೇನು? ನಡುವಿನ ವಿಚಿತ್ರ ಅಕ್ಷರವನ್ನು ಓದುವುದು ಹೇಗೆ?

ಉತ್ತರ: ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನದ ಬಹು ಸೊಗಸಾದ ಪದವಿದು. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಕಾದಾಡಿ ಗೆದ್ದ ವೀರನ ಕತ್ತಿಯ ನೆತ್ತರು ತೊಳೆದು ಗೌರವಿಸುವ ಪದ್ಧತಿ, ಅದರ ಜೊತೆಗೆ ಕೊಡುವ ಭೂದಾನ ಎರಡನ್ನೂ ಇದು ಸೂಚಿಸುತ್ತದೆ. ಇಲ್ಲಿ ಆ ಗೌರವ ಪಡೆದವನು ವಿಜ ಅರಸ. ಸಿಕ್ಕಿದ್ದು ಎರಡು ಹಳ್ಳಿ.

ಇನ್ನು ಉಚ್ಚಾರ. ‘ಳ’ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ‘ೞ’ಕ್ಕೆ ಹಾಗೆಯೇ ಮಡಚಬೇಕು, ಆದರೆ ಮುಟ್ಟಿಸಬಾರದು, ಉಸಿರು ಸಂದಿಯಲ್ಲಿ ಜಾರಿಹೋಗಬೇಕು. ಕೇರಳದವರು ಆಲಪ್ಪುೞ ಎನ್ನುವುದನ್ನು ಕಿವಿಗೊಟ್ಟು ಕೇಳಿದರೆ ಸಾಕು, ಅದೇ ಧ್ವನಿ. ತಮಿಳರು ತಮ್ಮ ನುಡಿಯ ಹೆಸರನ್ನು ಮುಗಿಸುವುದೂ ಇದರಿಂದಲೇ.

ಕನ್ನಡದಲ್ಲಿ ಈ ಧ್ವನಿ ಎರಡು ದಾರಿ ಹಿಡಿಯಿತು. ಸ್ವರದ ಮುಂದೆ ‘ಳ’ ಆಯಿತು: ಏೞು ಏಳಾಯಿತು, ಕೋೞಿ ಕೋಳಿಯಾಯಿತು. ವ್ಯಂಜನದ ಮುಂದೆ ‘ರ’ಕಾರವಾಗಿ, ಕೊನೆಗೆ ಕರಗಿತು: ಗೞ್ದೆ, ಗರ್ದೆ, ಗದ್ದೆ. ಕೞ್ಚು ಹೀಗೆಯೇ ಕರ್ಚು ಆಗಿ ಹಳಗನ್ನಡ ಕಾವ್ಯಗಳಲ್ಲಿ ಉಳಿಯಿತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ‘ಳ’ದಿಂದ ಬೇರ್ಪಡಿಸಿ ವಿವರಿಸಿದ್ದು ನಮ್ಮ ಭಾಗ್ಯವೇ ಸರಿ.

ಇಂದು ಯೂನಿಕೋಡ್‌ನಲ್ಲಿ ‘ೞ’ಕ್ಕೆ ಸ್ಥಾನವಿದೆ. ಹೆಸರು ಮಾತ್ರ ತಪ್ಪಾಗಿ ‘ಫ’ ಎಂದು ನಮೂದಾಗಿದೆ. ಅಲ್ಲಿ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ.