ಮೂಗಿನ ಹೊಳ್ಳೆಗಳ ಏರುಪೇರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವನ್ನಾಗಲಿ, ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನಾಗಲಿ ನೋಡಹೋದ ವಿದ್ಯಾರ್ಥಿಗಳು ಶಿಲ್ಪಗಳ ಮುಖವನ್ನು ಕೊಂಚ ಹೊತ್ತು ನಿಂತು ನೋಡಬೇಕು. ಹಳೆಯ ವಿಗ್ರಹಗಳಲ್ಲಿ ಮೊದಲು ಮುಕ್ಕಾಗುವ ಅಂಗ ಮೂಗು. ಮುಖದಿಂದ ಮುಂದಕ್ಕೆ ಚಾಚಿರುವುದು ಅದೇ ತಾನೆ! ಮುಕ್ಕಾಗದೆ ಉಳಿದ ಮೂಗುಗಳಲ್ಲಿ ಎಡಬಲ ಹೊಳ್ಳೆಗಳು ಸಮವಾಗಿರಬೇಕೆಂಬುದು ಶಿಲ್ಪಿಯ ನಿಯಮ. ಪ್ರಕೃತಿಗೆ ಇಂತಹ ನಿಯಮವಿಲ್ಲ. ಚಿಕ್ಕ ಕನ್ನಡಿಯೊಂದನ್ನು ಗಲ್ಲದ ಕೆಳಗೆ ಹಿಡಿದು, ತಲೆಯನ್ನು ಹಿಂದಕ್ಕೆ ಬಾಗಿಸಿ ನಿಮ್ಮ ಮೂಗನ್ನೇ ನೋಡಿಕೊಳ್ಳಿರಿ. ಒಂದು ಹೊಳ್ಳೆ ತುಸು ಅಗಲ, ಇನ್ನೊಂದು ತುಸು ಕಿರಿದು. ಅಥವಾ ಒಂದು ದುಂಡು, ಇನ್ನೊಂದು ಸೀಳಿದಂತೆ ನೀಳ. ಅಷ್ಟಿಷ್ಟು ವ್ಯತ್ಯಾಸ ಬಹುತೇಕ ಎಲ್ಲರಲ್ಲಿಯೂ ಇರುತ್ತದೆ. ಅದು ರೋಗವಲ್ಲ, ಅದಕ್ಕೆ ಚಿಕಿತ್ಸೆಯೂ ಬೇಡ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಒಂದೊಂದು ಹೊಳ್ಳೆಯನ್ನು ಮುಚ್ಚಿ ಉಸಿರೆಳೆದರೆ ಒಂದು ಕಡೆ ಸರಾಗ, ಇನ್ನೊಂದು ಕಡೆ ಬಿಗಿ ಎನಿಸುವುದುಂಟು. ಇದನ್ನು ಹೊಳ್ಳೆಯ ದೋಷವೆಂದು ಭಾವಿಸಿ ಚಿಂತಿಸುವವರಿದ್ದಾರೆ. ಮೂಗಿನ ಒಳಗಿನ ಲೋಳೆಪೊರೆಯಲ್ಲಿ ರಕ್ತ ತುಂಬಿ ಅದು ಊದುವುದೂ, ರಕ್ತ ಇಳಿದು ಕುಗ್ಗುವುದೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕೆಲವು ಗಂಟೆಗಳ ಅಂತರದಲ್ಲಿ ನಡೆಯುತ್ತಲೇ ಇರುವ ಸಹಜ ಕ್ರಿಯೆ. ಜರ್ಮನಿಯ ವೈದ್ಯ ಕೈಸರ್ 1895ರಲ್ಲಿಯೇ ಇದನ್ನು ವರ್ಣಿಸಿದನು. ಬೆಳಿಗ್ಗೆ ಬಿಗಿಯಾಗಿದ್ದ ಹೊಳ್ಳೆ ಮಧ್ಯಾಹ್ನ ತೆರೆದುಕೊಂಡರೆ ಶಸ್ತ್ರವೈದ್ಯನ ಗೊಡವೆ ಬೇಕಿಲ್ಲ. ಸದಾಕಾಲವೂ ಒಂದೇ ಕಡೆ ಕಟ್ಟಿಕೊಂಡಿದ್ದರೆ ಮಾತು ಬೇರೆ.

ಹೊಳ್ಳೆಯೆಂದರೆ ಒಂದು ರಂಧ್ರ. ರಂಧ್ರಕ್ಕೆ ತನ್ನದೇ ಆದ ಆಕಾರವಿಲ್ಲ, ಸುತ್ತಲಿನ ಗೋಡೆಗಳೇ ಅದಕ್ಕೆ ಆಕಾರ ಕೊಡಬೇಕು. ನಡುವೆ ನೆಟ್ಟ ಮೃದ್ವಸ್ಥಿಯ ನಡುಗೋಡೆ. ತುದಿಯಲ್ಲಿ ಕಮಾನಿನಂತೆ ಬಾಗಿದ ಎರಡು ಮೃದ್ವಸ್ಥಿಗಳು. ಹೊರಗೆ ಚರ್ಮ, ಒಳಗೆ ಲೋಳೆಪೊರೆ. ಕೆಳಗೆ ಅಡಿಪಾಯವಾಗಿ ಮೇಲ್ದವಡೆಯ ಮೂಳೆ. ಇವುಗಳಲ್ಲಿ ಯಾವುದು ವಾಲಿದರೂ ಹೊಳ್ಳೆ ವಕ್ರವಾಗುವುದು. ಮನೆಯ ಬಾಗಿಲು ಓರೆಯಾದಾಗ ದೋಷ ಬಾಗಿಲಲ್ಲಿಯೇ ಇರಬೇಕೆಂದಿಲ್ಲ, ತಳಪಾಯ ಕುಸಿದಿರಬಹುದು. ಆದ್ದರಿಂದ ಹೊಳ್ಳೆಯ ಅಂಚನ್ನು ಕತ್ತರಿಸುವ ಮೊದಲು ಯಾವ ಗೋಡೆ ಕೆಟ್ಟಿದೆಯೆಂದು ಕಂಡುಕೊಳ್ಳುವುದೇ ಒಳ್ಳೆಯ ಶಸ್ತ್ರವೈದ್ಯನ ಮೊದಲ ಕೆಲಸ.

ಸಾಮಾನ್ಯವಾಗಿ ಕೆಟ್ಟಿರುವುದು ನಡುಗೋಡೆ. ಬೆಳವಣಿಗೆಯಲ್ಲಿಯೋ ಪೆಟ್ಟು ಬಿದ್ದೋ ಅದರ ಮುಂದಿನ ತುದಿ ಒಂದು ಬದಿಗೆ ಸರಿದರೆ ಆ ಬದಿಯ ಹೊಳ್ಳೆ ಕಿರಿದಾಗಿ ಕಾಣುತ್ತದೆ. ಕಬಡ್ಡಿಯಾಡುವ ಹುಡುಗರು ಒಂದು ಸಂಗತಿಯನ್ನು ಮರೆಯಬಾರದು. ನಡುಗೋಡೆಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಎರಡು ಕಡೆಯ ಪೊರೆಗಳಿಂದಲೇ ಅದು ಆಹಾರ ಪಡೆಯುತ್ತದೆ. ಮೂಗಿಗೆ ಪೆಟ್ಟು ಬಿದ್ದು ಪೊರೆಗೂ ಮೃದ್ವಸ್ಥಿಗೂ ನಡುವೆ ರಕ್ತ ಶೇಖರವಾದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು ಮೂಗು ಕುಸಿಯಬಹುದು. ಪೆಟ್ಟಿನ ಅನಂತರ ಮೂಗು ಎರಡೂ ಕಡೆ ಕಟ್ಟಿಕೊಂಡು ನೋವು ಹೆಚ್ಚುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಸಣ್ಣ ಗಾಯ ಮಾಡಿ ಆ ರಕ್ತವನ್ನು ಹೊರಹಾಕಿದರೆ, ಮುಂದೆ ಬೇಕಾಗಬಹುದಾದ ದೊಡ್ಡ ಶಸ್ತ್ರಕ್ರಿಯೆ ತಪ್ಪುತ್ತದೆ.

ವಾಲಿದ ನಡುಗೋಡೆಯನ್ನು ಸರಿಪಡಿಸುವಾಗ ಪೊರೆಯನ್ನು ಎಬ್ಬಿಸಿ, ಡೊಂಕಾದ ಮೃದ್ವಸ್ಥಿಯನ್ನು ಅಗತ್ಯವಿದ್ದಷ್ಟು ತೆಗೆದು, ಉಳಿದುದನ್ನು ಮಧ್ಯರೇಖೆಗೆ ತಂದು ಹೊಲಿಯುತ್ತಾರೆ. ಎಷ್ಟೋ ಸಂದರ್ಭಗಳಲ್ಲಿ ಹೊಳ್ಳೆಯನ್ನು ಮುಟ್ಟದೆಯೇ ಹೊಳ್ಳೆ ಸಮವಾಗುತ್ತದೆ. ತುದಿಯ ಕಮಾನು ಕುಸಿದಿದ್ದರೆ ಅದೇ ನಡುಗೋಡೆಯ ಚೂರನ್ನು ಊರೆಯಾಗಿ ಇಡುವುದುಂಟು. ಹೊಳ್ಳೆಯ ಬುಡವೇ ಅಗಲವಾಗಿದ್ದರೆ ಅಲ್ಲಿ ಸಣ್ಣದೊಂದು ತುಣುಕನ್ನು ಕತ್ತರಿಸಿ ಹೊಲಿಯುವ ಕ್ರಮವನ್ನು ನ್ಯೂಯಾರ್ಕಿನ ರಾಬರ್ಟ್ ವೇರ್ 1892ರಲ್ಲಿ ಪ್ರಕಟಿಸಿದನು. ಇದು ಸುಲಭವಾಗಿ ಕಾಣುವ ಕೆಲಸ. ಆದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ಅಂಚಿನಲ್ಲಿ ಗಾಯದಿಂದಲೋ ಸುಟ್ಟುದರಿಂದಲೋ ಚೂರು ಹೋಗಿದ್ದರೆ ಕಿವಿ ನೆರವಿಗೆ ಬರುತ್ತದೆ. ಚರ್ಮ, ಮೃದ್ವಸ್ಥಿ, ಮತ್ತೆ ಚರ್ಮ ಎಂಬ ಮೂರು ಪದರಗಳ ಕಿವಿಯಂಚು ಹೊಳ್ಳೆಯಂಚನ್ನು ಚೆನ್ನಾಗಿ ಹೋಲುತ್ತದೆ. ಮಾವಿನ ಕಸಿಯಂತೆಯೇ ಇದೂ ಒಂದು ಕಸಿ. ಹೊಸ ರಕ್ತನಾಳಗಳು ಒಳಹೊಕ್ಕುವವರೆಗೆ ಆ ಚೂರು ಸುತ್ತಲಿನ ದ್ರವವನ್ನೇ ಹೀರಿ ಬದುಕಬೇಕಾದ್ದರಿಂದ, ಸುಮಾರು ಒಂದು ಸೆಂಟಿಮೀಟರಿಗಿಂತ ಬಹಳ ದೊಡ್ಡದಾದರೆ ಅದು ಕಪ್ಪಾಗಿ ಉದುರುವ ಭಯವಿದೆ.

ಇನ್ನೂ ಹೆಚ್ಚು ಭಾಗ ಹೋಗಿದ್ದರೆ? ಇದಕ್ಕೆ ಉತ್ತರ ನಮ್ಮ ನಾಡಿನ ಯುದ್ಧಗಳ ಇತಿಹಾಸದಲ್ಲಿ ಹುದುಗಿದೆ. ಶತ್ರುವಿನ ಮೂಗು ಕೊಯ್ಯುವ ಕ್ರೂರ ಪದ್ಧತಿ ಮೈಸೂರಿನ ಸೈನ್ಯಗಳಲ್ಲಿ 17ನೆಯ ಶತಮಾನದಿಂದಲೂ ಇತ್ತು. ಟಿಪ್ಪುವಿನೊಡನೆ ನಡೆದ ಮೂರನೆಯ ಮೈಸೂರು ಯುದ್ಧ 1791ರ ಡಿಸೆಂಬರಿನಲ್ಲಿ ಶಿವಮೊಗ್ಗದವರೆಗೂ ಬಂದಿತ್ತು. ಆ ಯುದ್ಧದಲ್ಲಿ ಇಂಗ್ಲಿಷರ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದವನಿಗೆ ಪುಣೆಯ ಬಳಿ ಒಬ್ಬ ದೇಶೀಯ ಶಸ್ತ್ರವೈದ್ಯನು ಹೊಸ ಮೂಗು ಮಾಡಿದನು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅದರ ವಿವರ ಚಿತ್ರಸಹಿತ ಅಚ್ಚಾಯಿತು. ಮೇಣದ ತೆಳುಹಾಳೆಯಲ್ಲಿ ಮೂಗಿನ ಆಕಾರ ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆಯುವುದು; ಆ ಗೆರೆಯಂತೆ ಚರ್ಮವನ್ನು ಬಿಡಿಸುವುದು; ಹುಬ್ಬುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಮಾತ್ರ ಉಳಿಸಿ, ಚರ್ಮವನ್ನು ಅರೆಸುತ್ತು ತಿರುಗಿಸಿ ಮೂಗಿನ ಸ್ಥಾನಕ್ಕೆ ಇಳಿಸುವುದು. ರಕ್ತ ಹರಿಯುವುದು ಆ ಪಟ್ಟಿಯ ಮೂಲಕವೇ. ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಗೆ ಸವರಿ ಮೇಲೆ ಅಂಟಿಸಿದರು. ನಾಲ್ಕು ದಿನಗಳ ಬಳಿಕ ತುಪ್ಪದಲ್ಲಿ ನೆನೆಸಿದ ಬಟ್ಟೆ. ಸುಮಾರು 25ನೆಯ ದಿನ ಪಟ್ಟಿಯನ್ನು ಕತ್ತರಿಸಿದರು. ಇವೆಲ್ಲಕ್ಕಿಂತ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರವಾದ ವಿವರ ಬೇರೊಂದಿದೆ: ಹತ್ತನೆಯ ದಿನದಿಂದ ಹೊಳ್ಳೆಗಳೊಳಗೆ ಮೃದುವಾದ ಬಟ್ಟೆಯ ಚೂರುಗಳನ್ನು ತುರುಕಿ ಅವು ಮುಚ್ಚಿಹೋಗದಂತೆ ಕಾಯುತ್ತಿದ್ದರು. ಸುಶ್ರುತ ಸಂಹಿತೆಯೂ ಹೊಸ ಮೂಗಿನೊಳಗೆ ಎರಡು ನಳಿಕೆಗಳನ್ನು ಇಡಬೇಕೆಂದು ವಿಧಿಸುತ್ತದೆ. ಗಾಯ ಮಾಯುವಾಗ ಕುಗ್ಗುತ್ತದೆ. ದುಂಡಾದ ರಂಧ್ರದ ಸುತ್ತಲ ಗಾಯವಂತೂ ಹುರಿಹಗ್ಗ ಎಳೆದ ಚೀಲದ ಬಾಯಿಯಂತೆ ಬಿಗಿಯುತ್ತದೆ. ಹೊಳ್ಳೆಯ ಶಸ್ತ್ರಚಿಕಿತ್ಸೆಯ ನಿಜವಾದ ಶತ್ರು ಇದೇ. ಪತ್ರಿಕೆಯ ಲೇಖನವನ್ನು ಓದಿದ್ದ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ತಾನೇ ಈ ಶಸ್ತ್ರಕ್ರಿಯೆಯನ್ನು ಮಾಡಿ, 1816ರಲ್ಲಿ ಪುಸ್ತಕ ಬರೆದನು. ಹಣೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಶಿಕಾರಿಪುರ, ಸೊರಬದಂತಹ ಹಳ್ಳಿಗಾಡಿನ ತಾಲ್ಲೂಕುಗಳಲ್ಲಿ ಕಣ್ಣಿಗೆ ಬಡಿಯುವಂತಹ ಹೊಳ್ಳೆಯ ವಕ್ರತೆಗೆ ಮುಖ್ಯ ಕಾರಣ ಯುದ್ಧವಲ್ಲ, ಸೀಳುತುಟಿ. ಸುಮಾರು 700ರಿಂದ 1000 ಶಿಶುಗಳಲ್ಲಿ ಒಂದಕ್ಕೆ ತುಟಿಯೋ ಅಂಗುಳವೋ ಸೀಳಿರುತ್ತದೆ. ಗ್ರಹಣವನ್ನು ನೋಡಿದ ಗರ್ಭಿಣಿಗೆ ಇಂತಹ ಮಗು ಹುಟ್ಟುವುದೆಂಬ ನಂಬಿಕೆಯಿಂದ ಎಷ್ಟೋ ತಾಯಂದಿರು ಸಲ್ಲದ ನಿಂದೆ ಹೊತ್ತಿದ್ದಾರೆ. ಗರ್ಭದ ಆರು ಏಳನೆಯ ವಾರಗಳಲ್ಲಿ, ತಾನು ಗರ್ಭಿಣಿಯೆಂಬುದೇ ತಾಯಿಗೆ ಖಚಿತವಾಗದ ಕಾಲದಲ್ಲಿ, ಮೇಲ್ದುಟಿಯ ಭಾಗಗಳು ಕೂಡಿಕೊಳ್ಳದಿರುವುದೇ ಇದರ ಮೂಲ. ಒಂದು ಬದಿ ಸೀಳಿದಾಗ ಆ ಬದಿಯ ಹೊಳ್ಳೆಗೆ ಕೆಳಗಿನ ಮೂಳೆಯ ಆಧಾರವಿಲ್ಲ, ತುಟಿಯ ಸ್ನಾಯು ಅದನ್ನು ಹೊರಕ್ಕೆ ಎಳೆಯುತ್ತದೆ, ಕಮಾನು ಚಪ್ಪಟೆಯಾಗುತ್ತದೆ, ನಡುಗೋಡೆಯೂ ವಾಲುತ್ತದೆ. ಅಂದರೆ ಮೇಲೆ ಹೇಳಿದ ಎಲ್ಲ ದೋಷಗಳೂ ಒಂದೇ ಮೂಗಿನಲ್ಲಿ ನೆರೆದಿರುತ್ತವೆ.

ಇದನ್ನು ಒಂದೇ ಬಾರಿಗೆ ತಿದ್ದಲಾಗದು. ಸುಮಾರು ಮೂರು ತಿಂಗಳ ವಯಸ್ಸಿನಲ್ಲಿ ತುಟಿಯನ್ನು ಕೂಡಿಸುವಾಗಲೇ ಹೊಳ್ಳೆಯ ಬುಡವನ್ನೂ ಸ್ಥಾನಕ್ಕೆ ತರುವುದು ಈಗ ಅನೇಕರ ರೂಢಿ. ದವಡೆಯಲ್ಲಿ ಸೀಳಿದ್ದರೆ, ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಸೊಂಟದ ಮೂಳೆಯ ಚೂರುಗಳನ್ನು ಅಲ್ಲಿ ತುಂಬುತ್ತಾರೆ. ಹಲ್ಲಿಗೂ ಹೊಳ್ಳೆಗೂ ಆಧಾರ ಸಿಗುತ್ತದೆ. ಮೂಗಿನ ಕೊನೆಯ ತಿದ್ದುಪಡಿ ಬೆಳವಣಿಗೆ ಮುಗಿದ ಮೇಲೆ, ಹುಡುಗಿಯರಿಗೆ ಹದಿನೈದು ಹದಿನಾರರ ಸುಮಾರಿಗೆ, ಹುಡುಗರಿಗೆ ಇನ್ನೊಂದೆರಡು ವರ್ಷ ತಡವಾಗಿ. ಹೀಗೆ ಕಾಯುವುದು ಹರೆಯದ ಮಕ್ಕಳಿಗೆ ಸುಲಭವಲ್ಲವೆಂಬುದನ್ನು ನಾನು ಬಲ್ಲೆ. ತರಗತಿಯ ಗೇಲಿ ಬೆಳವಣಿಗೆ ಮುಗಿಯುವವರೆಗೆ ಸುಮ್ಮನಿರುವುದಿಲ್ಲ. ಉಸಿರಾಟಕ್ಕೋ ಮನಸ್ಸಿಗೋ ತೀರ ಬಾಧೆಯಿದ್ದರೆ ನಡುವೆ ಸಣ್ಣ ತಿದ್ದುಪಡಿ ಮಾಡುವುದೂ ಉಂಟು. ಆದರೆ ಚುಚ್ಚುಮದ್ದಿನಿಂದ ಮೂಗು ತುಂಬಿ ಸರಿಪಡಿಸುತ್ತೇವೆಂಬ ಜಾಹೀರಾತುಗಳಿಗೆ ಮರುಳಾಗಬಾರದು. ಆ ದ್ರವ್ಯ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪವಾಗಿ ದೃಷ್ಟಿಯೇ ಹೋಗಬಹುದು.

ಕೇದಾರೇಶ್ವರಕ್ಕೆ ಸೇರಿದ ಬಳ್ಳಿಗಾವೆಯ ಕೋಡಿಯಮಠವನ್ನು 1162ರ ಶಾಸನವೊಂದು ವಿದ್ಯಾಸ್ಥಾನವೆಂದು ಮಾತ್ರವಲ್ಲದೆ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳವೆಂದೂ ವರ್ಣಿಸುತ್ತದೆ. ಇಂದು ಈ ಭಾಗದ ಮಗುವಿಗೆ ಬಾಗಿಲು ತೆರೆಯುವುದು ಅಂಗನವಾಡಿಯಲ್ಲಿ ಮತ್ತು ಸರ್ಕಾರಿ ಶಾಲೆಯಲ್ಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸೀಳುತುಟಿ, ಸೀಳಂಗುಳಗಳು ಅದರ ಪಟ್ಟಿಯಲ್ಲಿ ಸೇರಿವೆ, ಚಿಕಿತ್ಸೆ ಉಚಿತ. ಮಗು ಹುಟ್ಟಿದ ಮೊದಲ ವಾರದಲ್ಲಿಯೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಅಷ್ಟೂ ಒಳ್ಳೆಯದು. ಹಾಲು ಕುಡಿಸುವ ಕ್ರಮವನ್ನು ಆಗಲೇ ಕಲಿಯಬೇಕು. ತೂಕ ಏರದ ಕೂಸಿಗೆ ಅರಿವಳಿಕೆ ಕೊಡಲಾಗದು.

ಶಸ್ತ್ರಕ್ರಿಯೆಯಾದ ಅನಂತರ ಹೊಳ್ಳೆಯಲ್ಲಿ ಇಡಲು ವೈದ್ಯರು ಸಿಲಿಕೋನಿನ ಸಣ್ಣ ನಳಿಕೆಯೊಂದನ್ನು ಕೊಡಬಹುದು. ದಿನವೂ ತೊಳೆದು ಮತ್ತೆ ಹಾಕಬೇಕಾದ ಇದು ಮಗುವಿಗೆ ಕಿರಿಕಿರಿ, ಮನೆಯವರಿಗೆ ಬೇಸರ. ಗಾಯ ಮಾಯಿತಲ್ಲ ಎಂದು ತಿಂಗಳೊಳಗೆ ಅದನ್ನು ತೆಗೆದಿಡಬಾರದು. ಕುಗ್ಗುವಿಕೆ ಹಲವು ತಿಂಗಳುಗಳ ಕಾಲ ಒಳಗೊಳಗೇ ನಡೆಯುತ್ತದೆ.